ಒಂದೇ ಕ್ವೆರಿ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಎಸ್‌ಕ್ಯೂಎಲ್ ಸರ್ವರ್ ಮೂರರಲ್ಲೂ ಓಡಬೇಕು: ಎಲ್ಲಿಂದ ಶುರು ಮಾಡುವುದು?

ಖಾತೆಪುಸ್ತಕ (ಪ್ರಶ್ನೆ)

ಪತ್ತಿನ ಸಹಕಾರ ಸಂಘಗಳು ಬಳಸುವ ಲೆಕ್ಕಪತ್ರದ ತಂತ್ರಾಂಶ. ಪಿಎಚ್‌ಪಿ 8, ಪಿಡಿಒ (ಪಿಎಚ್‌ಪಿಯಿಂದ ಡೇಟಾಬೇಸ್ ಜೊತೆ ಮಾತಾಡುವ ಪದರ), ಮೈಎಸ್‌ಕ್ಯೂಎಲ್ 8.0. ಓಆರ್‌ಎಂ (ಕ್ವೆರಿಗಳನ್ನು ತಾನೇ ಬರೆದುಕೊಡುವ ಲೈಬ್ರರಿ) ಇಲ್ಲ, ಕ್ವೆರಿಗಳೆಲ್ಲ ಕೈಯಲ್ಲೇ ಬರೆದವು, ಸುಮಾರು 400 ಇವೆ. ಈಗ ಒಂದು ಸಂಘಕ್ಕೆ ಪೋಸ್ಟ್‌ಗ್ರೆಸ್ 16 ಬೇಕು, ಇನ್ನೊಂದು ಕಡೆ ಎಸ್‌ಕ್ಯೂಎಲ್ ಸರ್ವರ್ 2019 ಲೈಸೆನ್ಸ್ ಮೊದಲೇ ಕೊಂಡಿದ್ದಾರೆ. ಮೂರಕ್ಕೂ ಬೇರೆ ಬೇರೆ ಕೋಡ್ ಇಟ್ಟುಕೊಂಡರೆ ನಿಭಾಯಿಸಲು ಆಗುವುದಿಲ್ಲ.

ಸದ್ಯ ಪೋಸ್ಟ್‌ಗ್ರೆಸ್‌ನಲ್ಲಿ ಓಡಿಸಿ ನೋಡಿದಾಗ ಎಡವಿದ ಜಾಗಗಳು ಇವು:

1. ಪುಟ ವಿಂಗಡಣೆ: ಸೆಲೆಕ್ಟ್ ... ಲಿಮಿಟ್ 40, 20
2. ಹುಡುಕಾಟ: ವೇರ್ ಸ್ಥಿತಿ = "ಚಾಲ್ತಿ" (ಡಬಲ್ ಕೋಟ್)
3. ಐಎಫ್‌ನಲ್, ಡೇಟ್ ಫಾರ್ಮ್ಯಾಟ್, ಗ್ರೂಪ್ ಕಾನ್‌ಕ್ಯಾಟ್ ತುಂಬಾ ಕಡೆ ಇವೆ
4. ಗ್ರೂಪ್ ಬೈನಲ್ಲಿ ಇಲ್ಲದ ಕಾಲಮ್ ಸೆಲೆಕ್ಟ್‌ನಲ್ಲಿದೆ ಎಂಬ ಎರರ್
5. ತಿಂಗಳ ಬಾಕಿ ಬರೆಯುವಾಗ ಇನ್ಸರ್ಟ್ ... ಆನ್ ಡೂಪ್ಲಿಕೇಟ್ ಕೀ ಅಪ್‌ಡೇಟ್

ಸಾಧ್ಯವಾದಷ್ಟೂ ಒಂದೇ ಕ್ವೆರಿ ಇರಬೇಕು. ಎಲ್ಲಿ ಆಗುವುದೇ ಇಲ್ಲವೋ ಅಲ್ಲಿ ಮಾತ್ರ ಕವಲು. ಯಾವ ಕ್ರಮದಲ್ಲಿ ಹೋಗಬೇಕು?

ಸಾಲುಕಂಬ

ನೀವು ಪಟ್ಟಿ ಮಾಡಿದ ಐದೂ ಎರರ್ ಕೊಡುವ ಜಾತಿಯವು. ಅವಕ್ಕೆ ಹೆದರಬೇಕಿಲ್ಲ, ಓಡಿಸಿದ ತಕ್ಷಣ ಸಿಕ್ಕಿಬೀಳುತ್ತವೆ. ಹೆದರಬೇಕಾದದ್ದು ಎರರ್ ಇಲ್ಲದೆ ಓಡಿ ಬೇರೆ ಉತ್ತರ ಕೊಡುವ ಕ್ವೆರಿಗಳಿಗೆ. ಲೆಕ್ಕದ ತಂತ್ರಾಂಶದಲ್ಲಿ ಇವು ಆಡಿಟ್ ಸಮಯದಲ್ಲೇ ಹೊರಗೆ ಬರುವುದು. ಆದ್ದರಿಂದ ಮೊದಲು ಅವನ್ನೇ ಹುಡುಕಿ.

ಮುಖ್ಯವಾದದ್ದು ಪೂರ್ಣಾಂಕಗಳ ಭಾಗಾಕಾರ. ಬಡ್ಡಿ ಲೆಕ್ಕ ಹೀಗಿದೆ ಅಂದುಕೊಳ್ಳಿ:

ಸೆಲೆಕ್ಟ್ ಅಸಲು * (ದರ / 100) ಫ್ರಮ್ ಸಾಲ

ಎರಡೂ ಕಾಲಮ್ ಪೂರ್ಣಾಂಕ. ಅಸಲು 50000, ದರ 11. ಮೈಎಸ್‌ಕ್ಯೂಎಲ್ 11 / 100 ಅನ್ನು 0.1100 ಎಂದು ಲೆಕ್ಕ ಹಾಕಿ 5500 ಕೊಡುತ್ತದೆ. ಪೋಸ್ಟ್‌ಗ್ರೆಸ್, ಎಸ್‌ಕ್ಯೂಎಲ್ ಸರ್ವರ್ ಎರಡರಲ್ಲೂ 11 / 100 ಅಂದರೆ 0, ಹಾಗಾಗಿ ಬಡ್ಡಿಯೂ 0. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಗುಣಾಕಾರ ಮೊದಲು, ಭಾಗಾಕಾರ ಕೊನೆಗೆ, ಭಾಜಕಕ್ಕೆ ದಶಾಂಶ: ಅಸಲು * ದರ / 100.0. ಹಣದ ಕಾಲಮ್‌ಗಳೆಲ್ಲ ಡೆಸಿಮಲ್ ಆಗಿರಲಿ. ಫ್ಲೋಟ್ ಅಥವಾ ಡಬಲ್ ಇದ್ದರೆ ಈಗಲೇ ಬದಲಿಸಿ. ಪೋಸ್ಟ್‌ಗ್ರೆಸ್‌ನಲ್ಲಿ ಡಬಲ್ ಮೌಲ್ಯಕ್ಕೆ ಎರಡು ದಶಾಂಶದ ರೌಂಡ್ ಫಂಕ್ಷನ್ನೇ ಇಲ್ಲ, ನ್ಯೂಮೆರಿಕ್‌ಗೆ ಮಾತ್ರ ಇದೆ. ಭಾಗಾಕಾರ ಮಧ್ಯದಲ್ಲಿ ಬಂದರೆ ಇನ್ನೊಂದು ತೊಡಕೂ ಇದೆ: ಎಷ್ಟು ದಶಾಂಶ ಸ್ಥಾನ ಉಳಿಸಿಕೊಳ್ಳಬೇಕು ಎಂಬುದಕ್ಕೆ ಒಂದೊಂದು ಡೇಟಾಬೇಸ್‌ಗೆ ಒಂದೊಂದು ನಿಯಮ. ಮೈಎಸ್‌ಕ್ಯೂಎಲ್‌ನಲ್ಲಿ 1 / 3 ಬರೆದರೆ 0.3333 ಕಾಣುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ 1.0 / 3 ಬರೆದರೆ ದಶಾಂಶದ ನಂತರ ಸಾಲುಗಟ್ಟಲೆ 3 ಬರುತ್ತವೆ. ಪೈಸೆ ತಾಳೆಯಾಗದಿರಲು ಇದು ಮಾಮೂಲಿ ಕಾರಣ.

ಮುಂದಿನದು ನಲ್‌ಗಳ (ಮೌಲ್ಯವೇ ತುಂಬದ ಖಾನೆಗಳ) ಜಾಗ. ಏರಿಕೆ ಕ್ರಮದಲ್ಲಿ ಜೋಡಿಸಿದಾಗ ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್, ಎಸ್‌ಕ್ಯೂಲೈಟ್‌ಗಳಲ್ಲಿ ನಲ್ ಮೊದಲು ಬರುತ್ತದೆ, ಪೋಸ್ಟ್‌ಗ್ರೆಸ್, ಒರಾಕಲ್‌ನಲ್ಲಿ ಕೊನೆಗೆ. ಮರುಪಾವತಿ ದಿನಾಂಕದ ಪ್ರಕಾರ ಮೊದಲ 20 ಸಾಲ ತೋರಿಸುವ ಪಟ್ಟಿ ಇದ್ದರೆ ಪಟ್ಟಿಯಲ್ಲಿರುವ ಸದಸ್ಯರೇ ಬದಲಾಗಿಬಿಡುತ್ತಾರೆ. ನಲ್ಸ್ ಲಾಸ್ಟ್ ಎಂಬ ಮಾತು ಮೈಎಸ್‌ಕ್ಯೂಎಲ್‌ಗೂ ಎಸ್‌ಕ್ಯೂಎಲ್ ಸರ್ವರ್‌ಗೂ ತಿಳಿಯದು. ಎಲ್ಲ ಕಡೆ ನಡೆಯುವುದು ಇದು:

ಆರ್ಡರ್ ಬೈ ಕೇಸ್ ವೆನ್ ದಿನಾಂಕ ಈಸ್ ನಲ್ ದೆನ್ 1 ಎಲ್ಸ್ 0 ಎಂಡ್, ದಿನಾಂಕ, ಐಡಿ

ಕೊನೆಯ ಐಡಿ ಬಿಡಬೇಡಿ. ಒಂದೇ ದಿನಾಂಕದ ಸಾಲುಗಳು ಯಾವ ಕ್ರಮದಲ್ಲಿ ಬರುತ್ತವೆ ಎಂಬುದಕ್ಕೆ ಯಾವ ಡೇಟಾಬೇಸೂ ಭರವಸೆ ಕೊಡುವುದಿಲ್ಲ. ಐಡಿ ಇಲ್ಲದಿದ್ದರೆ ಎರಡನೇ ಪುಟದ ಸಾಲು ಮೂರನೇ ಪುಟದಲ್ಲೂ ಬರುತ್ತದೆ, ಇನ್ನೊಂದು ಸಾಲು ಎಲ್ಲೂ ಬರುವುದಿಲ್ಲ.

ಟೈಪ್ ಪರಿವರ್ತನೆ. ಮೈಎಸ್‌ಕ್ಯೂಎಲ್‌ನಲ್ಲಿ ಅಕ್ಷರದ ಕಾಲಮನ್ನು 0 ಎಂಬ ಸಂಖ್ಯೆಗೆ ಹೋಲಿಸಿದರೆ ಅಂಕಿಯಿಂದ ಶುರುವಾಗದ ಪಠ್ಯವೆಲ್ಲ 0 ಆಗಿ ಹೊಂದಿಕೊಳ್ಳುತ್ತದೆ. ಪೋಸ್ಟ್‌ಗ್ರೆಸ್ ಎರರ್ ಕೊಡುತ್ತದೆ. ಎಸ್‌ಕ್ಯೂಎಲ್ ಸರ್ವರ್ ಪರಿವರ್ತಿಸಲು ಹೋಗಿ, ಮೊದಲ ಅಂಕಿಯಲ್ಲದ ಮೌಲ್ಯ ಸಿಕ್ಕಾಗ ನಿಲ್ಲುತ್ತದೆ. ಅಂದರೆ ಇವತ್ತು ಓಡಿದ್ದು ನಾಳೆ ಡೇಟಾ ಬದಲಾದ ಮೇಲೆ ಓಡುವುದಿಲ್ಲ. ಕಾಲಮಿನ ಟೈಪಿಗೆ ತಕ್ಕ ಮೌಲ್ಯವನ್ನೇ ಬೈಂಡ್ ಮಾಡಿ (ಕ್ವೆರಿಯ ಪಠ್ಯದೊಳಗೆ ಬರೆಯದೆ ಪ್ರತ್ಯೇಕವಾಗಿ ಕಳಿಸಿ).

ಸಕ್ರಿಯ = 1 ಎಂಬಂಥ ಹೋಲಿಕೆಗಳೂ ನಿಮ್ಮಲ್ಲಿ ಇದ್ದೇ ಇರುತ್ತವೆ. ಪೋಸ್ಟ್‌ಗ್ರೆಸ್‌ನ ಬೂಲಿಯನ್ ಕಾಲಮ್ 1ಕ್ಕೆ ಹೋಲಿಕೆ ಒಪ್ಪುವುದಿಲ್ಲ. ಮೂರರಲ್ಲೂ ಸ್ಮಾಲ್‌ಇಂಟ್ ಇಟ್ಟು, 0 ಅಥವಾ 1 ಮಾತ್ರ ಎಂದು ಚೆಕ್ ಹಾಕಿದರೆ ಕ್ವೆರಿ ಮುಟ್ಟಬೇಕಾಗಿಲ್ಲ. ಪೋಸ್ಟ್‌ಗ್ರೆಸ್ ಬಲ್ಲವರಿಗೆ ಇದು ರುಚಿಸದು, ಆದರೆ ಮೂರು ಡೇಟಾಬೇಸ್ ಸಾಕಬೇಕಾದಾಗ ನನ್ನ ಮತ ಇದಕ್ಕೇ.

ಇನ್ನು ನೀವು ಕೇಳಿದವು.

ಕೋಟ್: ಪಠ್ಯಕ್ಕೆ ಸಿಂಗಲ್ ಕೋಟ್ ಮಾತ್ರ. ಡಬಲ್ ಕೋಟ್ ಹಾಕಿದ್ದನ್ನು ಪೋಸ್ಟ್‌ಗ್ರೆಸ್ ಕಾಲಮ್ ಹೆಸರು ಅಂದುಕೊಳ್ಳುತ್ತದೆ, ಎಸ್‌ಕ್ಯೂಎಲ್ ಸರ್ವರ್ ಕೂಡ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹಾಗೇ. ಮೈಎಸ್‌ಕ್ಯೂಎಲ್‌ನ ಎಸ್‌ಕ್ಯೂಎಲ್ ಮೋಡ್‌ಗೆ ಆನ್ಸಿ ಕೋಟ್ಸ್ ಸೇರಿಸಿ ಒಮ್ಮೆ ಪೂರ್ತಿ ಓಡಿಸಿ, ಈ ತಪ್ಪುಗಳು ಹಳೆಯ ಡೇಟಾಬೇಸ್‌ನಲ್ಲೇ ಬಯಲಾಗುತ್ತವೆ. ಜೊತೆಗೆ ಓನ್ಲಿ ಫುಲ್ ಗ್ರೂಪ್ ಬೈ ಕೂಡ ಇದೆಯೇ ನೋಡಿ. ಅದು 5.7.5ರಿಂದ ತಾನಾಗಿಯೇ ಇರುತ್ತದೆ. ನಿಮ್ಮಲ್ಲಿ 4ನೇ ತೊಂದರೆ ಈಗ ಕಂಡಿದೆ ಅಂದರೆ ಬಹುಶಃ ಯಾರೋ ಅದನ್ನು ತೆಗೆದಿದ್ದಾರೆ.

ಬ್ಯಾಕ್‌ಟಿಕ್ ಎಲ್ಲ ತೆಗೆಯಿರಿ. ಬ್ಯಾಕ್‌ಟಿಕ್ ಬೇಕೇ ಬೇಕು ಅನ್ನಿಸುವ ಯೂಸರ್, ಆರ್ಡರ್, ರ‍್ಯಾಂಕ್ ಥರದ ಹೆಸರುಗಳನ್ನು ಬದಲಿಸಿ. ಅವು ಒಂದಲ್ಲ ಒಂದು ಡೇಟಾಬೇಸ್‌ನಲ್ಲಿ ಕಾದಿರಿಸಿದ ಪದಗಳು. ಹೆಸರೆಲ್ಲ ಇಂಗ್ಲಿಷಿನ ಸಣ್ಣಕ್ಷರ, ನಡುವೆ ಅಂಡರ್‌ಸ್ಕೋರ್. ಕ್ವೆರಿಯಲ್ಲಿ ಕೊಟ್ಟ ಅಡ್ಡಹೆಸರಿಗೂ ಇದೇ ನಿಯಮ. ಕೋಟ್ ಇಲ್ಲದ ಹೆಸರನ್ನು ಪೋಸ್ಟ್‌ಗ್ರೆಸ್ ಸಣ್ಣಕ್ಷರಕ್ಕೆ ಇಳಿಸುತ್ತದೆ. ನಡುವೆ ದೊಡ್ಡಕ್ಷರ ಇಟ್ಟ ಹೆಸರನ್ನು ಪಿಎಚ್‌ಪಿ ಅರೇಯಲ್ಲಿ ಹುಡುಕಿದರೆ ಕೀ ಸಿಗುವುದಿಲ್ಲ, ರಿಪೋರ್ಟ್‌ನಲ್ಲಿ ಆ ಅಂಕಣ ಖಾಲಿ ಬರುತ್ತದೆ.

ಗ್ರೂಪ್ ಬೈ: ಪ್ರೈಮರಿ ಕೀ ಮೇಲೆ ಗುಂಪು ಮಾಡಿದರೆ ಅದೇ ಟೇಬಲ್‌ನ ಉಳಿದ ಕಾಲಮ್‌ಗಳನ್ನು ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಒಪ್ಪುತ್ತವೆ, ಎಸ್‌ಕ್ಯೂಎಲ್ ಸರ್ವರ್ ಒಪ್ಪುವುದಿಲ್ಲ. ಹತ್ತು ಕಾಲಮ್ ಗ್ರೂಪ್ ಬೈಗೆ ತುರುಕುವ ಬದಲು, ರಸೀದಿ ಟೇಬಲ್‌ನಲ್ಲಿ ಸದಸ್ಯ ಐಡಿ ಮೇಲೆ ಮೊತ್ತ ಕೂಡಿಸಿ ಅದನ್ನು ಒಳಕ್ವೆರಿ ಮಾಡಿ, ಆಮೇಲೆ ಸದಸ್ಯರ ಟೇಬಲ್‌ಗೆ ಜೋಡಿಸಿ. ಓದಲೂ ಸಲೀಸು. ಒಳಕ್ವೆರಿಗೆ ಅಡ್ಡಹೆಸರು ಕೊಡಿ. ಪೋಸ್ಟ್‌ಗ್ರೆಸ್ 16 ಕೇಳುವುದಿಲ್ಲ, ಉಳಿದೆರಡು ಕೇಳುತ್ತವೆ.

ಫಂಕ್ಷನ್‌ಗಳು: ಐಎಫ್‌ನಲ್ ಬದಲು ಕೋಅಲೆಸ್. ಇಫ್ ಫಂಕ್ಷನ್ ಬದಲು ಕೇಸ್ ವೆನ್. ನೌ ಬದಲು ಕರೆಂಟ್ ಟೈಮ್‌ಸ್ಟ್ಯಾಂಪ್. ಪದ ಜೋಡಿಸಲು ಕಾನ್‌ಕ್ಯಾಟ್ ಮೂರರಲ್ಲೂ ಇದೆ, ಆದರೆ ಒಂದು ಭಾಗ ನಲ್ ಇದ್ದರೆ ಮೈಎಸ್‌ಕ್ಯೂಎಲ್ ಇಡೀ ಉತ್ತರವನ್ನೇ ನಲ್ ಮಾಡುತ್ತದೆ, ಉಳಿದೆರಡು ಆ ಭಾಗವನ್ನು ಖಾಲಿ ಎಂದುಕೊಂಡು ಮುಂದೆ ಹೋಗುತ್ತವೆ. ಪ್ರತಿ ಭಾಗಕ್ಕೂ ಕೋಅಲೆಸ್ ಹಾಕಿದರೆ ಮೂರೂ ಒಂದೇ. || ಗುರುತು ಬೇಡ, ಮೈಎಸ್‌ಕ್ಯೂಎಲ್‌ನಲ್ಲಿ ಅದು ಅಥವಾ ಎಂಬ ತರ್ಕದ ಗುರುತು.

ಡೇಟ್ ಫಾರ್ಮ್ಯಾಟ್ ಪೂರ್ತಿ ತೆಗೆದು ಪಿಎಚ್‌ಪಿಗೆ ಬಿಡಿ. ದಿನಾಂಕವನ್ನು ತೋರಿಸುವ ಕೆಲಸ ಡೇಟಾಬೇಸಿನದಲ್ಲ. ಆರ್ಥಿಕ ವರ್ಷದ ಹುಡುಕಾಟಕ್ಕೆ ಇಯರ್ ಫಂಕ್ಷನ್ ಬೇಡ (ಪೋಸ್ಟ್‌ಗ್ರೆಸ್‌ನಲ್ಲಿ ಇಲ್ಲ), ಎಕ್ಸ್‌ಟ್ರ್ಯಾಕ್ಟ್ ಬೇಡ (ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇಲ್ಲ), ಬಿಟ್ವೀನ್ ಕೂಡ ಬೇಡ. ಎರಡು ಗಡಿ ಲೆಕ್ಕ ಹಾಕಿ ಬೈಂಡ್ ಮಾಡಿ:

ವೇರ್ ರಸೀದಿ_ಸಮಯ >= :ಶುರು ಆಂಡ್ ರಸೀದಿ_ಸಮಯ < :ಮುಗಿವು

ಶುರು 2024-04-01, ಮುಗಿವು 2025-04-01. ಬಿಟ್ವೀನ್ ಬಳಸಿ 2025-03-31 ಅಂತ ಕೊಟ್ಟರೆ ಸಮಯ ಸಹಿತದ ಕಾಲಮ್‌ನಲ್ಲಿ ಮಾರ್ಚ್ 31ರ 00:00 ಗಂಟೆಯ ನಂತರದ ರಸೀದಿಗಳೆಲ್ಲ ಬಿಟ್ಟುಹೋಗುತ್ತವೆ. ಸಂಘಗಳಿಗೆ ಅದು ಅತಿ ಹೆಚ್ಚು ವಸೂಲಿ ಇರುವ ದಿನ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕಾಲಮ್ ಹಳೆಯ ಡೇಟ್‌ಟೈಮ್ ಟೈಪ್ ಆಗಿದ್ದು ಲಾಗಿನ್ ಭಾಷೆ ಬ್ರಿಟಿಷ್ ಇಂಗ್ಲಿಷ್ ಇದ್ದರೆ 2024-04-01 ಎಂಬ ಪಠ್ಯವನ್ನು ಜನವರಿ 4 ಎಂದು ಓದುತ್ತದೆ. ಡೇಟ್‌ಟೈಮ್2 ಟೈಪ್ ಇಟ್ಟರೆ ಈ ಕಾಟ ಇಲ್ಲ.

ಪುಟ ವಿಂಗಡಣೆ: ಲಿಮಿಟ್ 20 ಆಫ್‌ಸೆಟ್ 40 ಎಂದು ಬರೆದರೆ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಎರಡೂ ಒಪ್ಪುತ್ತವೆ. ಐಎಸ್ಒ ಮಾನಕದ ಆಫ್‌ಸೆಟ್ 40 ರೋಸ್ ಫೆಚ್ ನೆಕ್ಸ್ಟ್ 20 ರೋಸ್ ಓನ್ಲಿ ಎಂಬುದು ಪೋಸ್ಟ್‌ಗ್ರೆಸ್, ಎಸ್‌ಕ್ಯೂಎಲ್ ಸರ್ವರ್ 2012ರಿಂದೀಚೆ, ಒರಾಕಲ್ 12ಸಿಯಿಂದೀಚೆ ನಡೆಯುತ್ತದೆ, ಮೈಎಸ್‌ಕ್ಯೂಎಲ್‌ನಲ್ಲಿ ಇಲ್ಲ. ಮೂರಕ್ಕೂ ಒಂದೇ ಬೇಕೆಂದರೆ ರೋ ನಂಬರ್ ವಿಂಡೋ ಫಂಕ್ಷನ್ ಒಳಕ್ವೆರಿಯಲ್ಲಿ ಹಾಕಿ 41ರಿಂದ 60 ಆರಿಸಬಹುದು, ದೊಡ್ಡ ಟೇಬಲ್‌ನಲ್ಲಿ ನಿಧಾನವಾಗಬಹುದು. ಇಲ್ಲಿ ಕವಲು ಒಳ್ಳೆಯದು. ಕ್ವೆರಿಯ ಬಾಲಕ್ಕೆ ಪುಟದ ಭಾಗ ಸೇರಿಸುವ ಒಂದೇ ಫಂಕ್ಷನ್, ಒಂದೇ ಫೈಲ್‌ನಲ್ಲಿ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಆರ್ಡರ್ ಬೈ ಇಲ್ಲದೆ ಆಫ್‌ಸೆಟ್ ಬರೆಯಲು ಬರುವುದಿಲ್ಲ.

ಗ್ರೂಪ್ ಕಾನ್‌ಕ್ಯಾಟ್: ಪೋಸ್ಟ್‌ಗ್ರೆಸ್‌ಗೂ ಎಸ್‌ಕ್ಯೂಎಲ್ ಸರ್ವರ್ 2017ರಿಂದೀಚೆಗೂ ಸ್ಟ್ರಿಂಗ್ ಆಗ್. ಹೆಸರು ಒಂದೇ, ಒಳಗಿನ ಕ್ರಮ ಹೇಳುವ ರೀತಿ ಬೇರೆ. ಪೋಸ್ಟ್‌ಗ್ರೆಸ್ ಆರ್ಡರ್ ಬೈ ಅನ್ನು ಆವರಣದ ಒಳಗೆ ಬಯಸುತ್ತದೆ, ಎಸ್‌ಕ್ಯೂಎಲ್ ಸರ್ವರ್ ಹೊರಗೆ ವಿದಿನ್ ಗ್ರೂಪ್ ಬರೆಯಿಸಿಕೊಳ್ಳುತ್ತದೆ. ಸಾಲುಗಳನ್ನು ಹಾಗೇ ತಂದು ಪಿಎಚ್‌ಪಿಯಲ್ಲಿ ಜೋಡಿಸಿದರೆ ಕವಲೇ ಬೇಡ.

ಬೀಗಮುದ್ರೆ

ಐದನೆಯದಕ್ಕೆ ಬರುತ್ತೇನೆ, ಅದರೊಳಗೆ ನಾಲ್ಕು ಬೇರೆ ತೊಂದರೆಗಳಿವೆ.

ಮರ್ಜ್ (ಸಾಲು ಇದ್ದರೆ ಬದಲಿಸು, ಇಲ್ಲದಿದ್ದರೆ ಸೇರಿಸು ಎಂಬ ಒಂದೇ ಆದೇಶ) ಬಳಸಿ ಎಂದು ಯಾರಾದರೂ ಹೇಳಬಹುದು. ಪೋಸ್ಟ್‌ಗ್ರೆಸ್ 15ರಿಂದ ಇದೆ, ಎಸ್‌ಕ್ಯೂಎಲ್ ಸರ್ವರ್ 2008ರಿಂದ ಇದೆ, ಮೈಎಸ್‌ಕ್ಯೂಎಲ್‌ನಲ್ಲಿ ಇಲ್ಲವೇ ಇಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲೂ ಹೋಲ್ಡ್‌ಲಾಕ್ ಸೂಚನೆ ಕೊಡದಿದ್ದರೆ ಒಂದೇ ಕ್ಷಣದಲ್ಲಿ ಎರಡು ಕೌಂಟರ್‌ನಿಂದ ಬಂದಾಗ ಡೂಪ್ಲಿಕೇಟ್ ಕೀ ಎರರ್ ಬರುತ್ತದೆ. ಮೈಎಸ್‌ಕ್ಯೂಎಲ್‌ನ ರಿಪ್ಲೇಸ್ ಇನ್‌ಟು ಮುಟ್ಟಲೇಬೇಡಿ. ಅದು ಹಳೆಯ ಸಾಲನ್ನು ಅಳಿಸಿ ಹೊಸದಾಗಿ ಸೇರಿಸುತ್ತದೆ, ಡಿಲೀಟ್ ಕ್ಯಾಸ್ಕೇಡ್ ಇದ್ದರೆ ಅದಕ್ಕೆ ತಗುಲಿದ ಮಕ್ಕಳ ಸಾಲುಗಳೂ ಹೋಗುತ್ತವೆ.

ಮೂರಕ್ಕೂ ಹೊಂದುವ ದಾರಿ: ಮೊದಲು ಅಪ್‌ಡೇಟ್. ಎಷ್ಟು ಸಾಲು ಎಂದು ನೋಡಿ. 0 ಬಂದರೆ ಇನ್ಸರ್ಟ್. ಇನ್ಸರ್ಟ್ ಡೂಪ್ಲಿಕೇಟ್ ಅಂದರೆ ಮತ್ತೊಮ್ಮೆ ಅಪ್‌ಡೇಟ್. ಬರೆಯಲು ಸುಲಭ ಅನ್ನಿಸುತ್ತದೆ, ಆದರೆ:

ಮೈಎಸ್‌ಕ್ಯೂಎಲ್‌ನಲ್ಲಿ ಪಿಡಿಒ ರೋಕೌಂಟ್ ಹೇಳುವುದು ನಿಜಕ್ಕೂ ಬದಲಾದ ಸಾಲುಗಳ ಲೆಕ್ಕ. ಬಾಕಿ ಮೊದಲೇ 1200 ಇದ್ದು ನೀವು ಮತ್ತೆ 1200 ಬರೆದರೆ 0 ಬರುತ್ತದೆ. ಕೋಡ್ ಇನ್ಸರ್ಟ್‌ಗೆ ಹೋಗಿ ಡೂಪ್ಲಿಕೇಟ್ ಎರರ್ ತರುತ್ತದೆ. ಪೋಸ್ಟ್‌ಗ್ರೆಸ್, ಎಸ್‌ಕ್ಯೂಎಲ್ ಸರ್ವರ್ ಹೊಂದಿಕೆಯಾದ ಸಾಲುಗಳನ್ನು ಎಣಿಸುತ್ತವೆ, 1 ಬರುತ್ತದೆ. ಪಿಡಿಒ ಸಂಪರ್ಕ ತೆರೆಯುವಾಗ ಮೈಎಸ್‌ಕ್ಯೂಎಲ್ ಫೌಂಡ್ ರೋಸ್ ಆಯ್ಕೆಯನ್ನು ಟ್ರೂ ಮಾಡಿ. ಸಂಪರ್ಕದ ನಂತರ ಹೊಂದಿಸಲು ಆಗುವುದಿಲ್ಲ.

ಪೋಸ್ಟ್‌ಗ್ರೆಸ್‌ನಲ್ಲಿ ಟ್ರಾನ್ಸಾಕ್ಷನ್ ಒಳಗೆ ಒಂದು ಸ್ಟೇಟ್‌ಮೆಂಟ್ ಸೋತರೆ ಇಡೀ ಟ್ರಾನ್ಸಾಕ್ಷನ್ ಕೆಟ್ಟಂತೆ. ಮುಂದಿನ ಪ್ರತಿ ಕ್ವೆರಿಗೂ ಟ್ರಾನ್ಸಾಕ್ಷನ್ ರದ್ದಾಗಿದೆ, ಆದೇಶ ನಿರ್ಲಕ್ಷಿಸಲಾಗಿದೆ ಎಂಬ ಉತ್ತರ. ಮೈಎಸ್‌ಕ್ಯೂಎಲ್‌ನಲ್ಲಿ ಡೂಪ್ಲಿಕೇಟ್ ಬಂದರೆ ಆ ಒಂದು ಸ್ಟೇಟ್‌ಮೆಂಟ್ ಮಾತ್ರ ಹಿಂದೆ ಸರಿಯುತ್ತದೆ. ಹಾಗಾಗಿ ಎರರ್ ಹಿಡಿದು ಮುಂದೆ ಹೋಗುವ ಹಳೆಯ ಕೋಡ್ ಪೋಸ್ಟ್‌ಗ್ರೆಸ್‌ನಲ್ಲಿ ನಡೆಯದು. ಇನ್ಸರ್ಟ್ ಮೊದಲು ಸೇವ್‌ಪಾಯಿಂಟ್ ಇಟ್ಟು, ಸೋತರೆ ಅಲ್ಲಿಗೆ ಮಾತ್ರ ರೋಲ್‌ಬ್ಯಾಕ್ ಮಾಡಿ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅದೇ ಕೆಲಸಕ್ಕೆ ಸೇವ್ ಟ್ರಾನ್ಸಾಕ್ಷನ್ ಎನ್ನಬೇಕು. ಇದೂ ಕವಲಿನ ಫೈಲ್‌ಗೆ.

ಡೂಪ್ಲಿಕೇಟ್ ಎರರ್ ಗುರುತಿಸುವ ಸಂಖ್ಯೆ: ಪೋಸ್ಟ್‌ಗ್ರೆಸ್‌ನಲ್ಲಿ ಎಸ್‌ಕ್ಯೂಎಲ್ ಸ್ಟೇಟ್ 23505. ಮೈಎಸ್‌ಕ್ಯೂಎಲ್‌ನಲ್ಲಿ ಸ್ಟೇಟ್ 23000, ಎರರ್ 1062. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಸ್ಟೇಟ್ 23000, ಎರರ್ 2627 ಅಥವಾ 2601 (ಮೊದಲನೆಯದು ಕನ್‌ಸ್ಟ್ರೇಂಟ್, ಎರಡನೆಯದು ಯುನಿಕ್ ಇಂಡೆಕ್ಸ್). 23000 ಒಂದನ್ನೇ ನೋಡಬೇಡಿ, ಫಾರಿನ್ ಕೀ ತಪ್ಪಿಗೂ ನಾಟ್ ನಲ್ ತಪ್ಪಿಗೂ ಅದೇ ಬರುತ್ತದೆ.

ಕೊನೆಯದು ಐಸೊಲೇಷನ್, ಅಂದರೆ ಒಂದೇ ಹೊತ್ತಿಗೆ ನಡೆಯುವ ಟ್ರಾನ್ಸಾಕ್ಷನ್‌ಗಳಲ್ಲಿ ಒಂದರ ಬದಲಾವಣೆ ಇನ್ನೊಂದಕ್ಕೆ ಎಷ್ಟು ಕಾಣುತ್ತದೆ ಎಂಬುದು. ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿ ಮಾಮೂಲಿಯಾಗಿ ರಿಪೀಟಬಲ್ ರೀಡ್, ಉಳಿದೆರಡು ರೀಡ್ ಕಮಿಟೆಡ್. ಬಾಕಿ ಓದಿ, ಪಿಎಚ್‌ಪಿಯಲ್ಲಿ ಕಳೆದು, ಮತ್ತೆ ಬರೆಯುವ ಕೋಡ್ ಎಲ್ಲ ಡೇಟಾಬೇಸ್‌ನಲ್ಲೂ ಅಪಾಯ. ಫಾರ್ ಅಪ್‌ಡೇಟ್ ಬಳಸೋಣ ಅಂದರೆ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅದಿಲ್ಲ, ಅಪ್‌ಡೇಟ್‌ಲಾಕ್ ಸೂಚನೆ ಬೇಕು. ಇದನ್ನು ಒಂದೇ ಸ್ಟೇಟ್‌ಮೆಂಟ್ ಮಾಡಿದರೆ ಮೂರರಲ್ಲೂ ಸರಿ:

ಅಪ್‌ಡೇಟ್ ಖಾತೆ ಸೆಟ್ ಬಾಕಿ = ಬಾಕಿ - :ಮೊತ್ತ ವೇರ್ ಐಡಿ = :ಐಡಿ ಆಂಡ್ ಬಾಕಿ >= :ಕನಿಷ್ಠ

ಮೊತ್ತಕ್ಕೂ ಕನಿಷ್ಠಕ್ಕೂ ಒಂದೇ ಮೌಲ್ಯ ಕೊಡಿ. ಒಂದೇ ಹೆಸರನ್ನು ಎರಡು ಕಡೆ ಬಳಸಿದರೆ ಎಮ್ಯುಲೇಷನ್ ಇಲ್ಲದ ಪಿಡಿಒದಲ್ಲಿ ತಕರಾರು ಬರಬಹುದು. ಸಾಲಿನ ಲೆಕ್ಕ 1 ಬಂದರೆ ಹಣ ಕಡಿತವಾಗಿದೆ, 0 ಬಂದರೆ ಬಾಕಿ ಸಾಲದು.

ಖಾತೆಪುಸ್ತಕ

ಇಬ್ಬರಿಗೂ ಧನ್ಯವಾದ. ಫೌಂಡ್ ರೋಸ್ ವಿಷಯ ಗೊತ್ತಿರಲಿಲ್ಲ.

ಇನ್ನೆರಡು. ಸದಸ್ಯರ ಹೆಸರು, ವಿಳಾಸ ಎಲ್ಲ ಕನ್ನಡದಲ್ಲಿದೆ. ಮೈಎಸ್‌ಕ್ಯೂಎಲ್‌ನಲ್ಲಿ ಸಿಗುವ ಕೆಲವು ಹೆಸರು ಪೋಸ್ಟ್‌ಗ್ರೆಸ್‌ನಲ್ಲಿ ಹುಡುಕಿದರೆ ಸಿಗುತ್ತಿಲ್ಲ, ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಎರಡನೆಯದು, ಇಷ್ಟೆಲ್ಲ ಕೈಯಲ್ಲಿ ಮಾಡುವ ಬದಲು ಓಆರ್‌ಎಂಗೆ ಹೋಗುವುದೇ ಸರಿಯೇ?

ಅಕ್ಷರಮಾಲೆ

ಹೆಸರು ಸಿಗದಿರುವುದಕ್ಕೆ ಹೆಚ್ಚಾಗಿ ಕಾರಣ ಕಾಣದ ಅಕ್ಷರ. ಅನಿಲ್‌ಕುಮಾರ್ ಎಂದು ಬರೆಯುವಾಗ ಲ್ ಮತ್ತು ಕು ಒತ್ತಾಗಿ ಕೂಡದಿರಲಿ ಎಂದು ನಡುವೆ ಶೂನ್ಯ ಅಗಲದ ಅಕ್ಷರ ಇರುತ್ತದೆ, ಯೂನಿಕೋಡ್ ಸಂಖ್ಯೆ 200ಸಿ. ಮೈಎಸ್‌ಕ್ಯೂಎಲ್ 8.0ರ ಮಾಮೂಲಿ ಕೊಲೇಷನ್ (ಪಠ್ಯ ಹೋಲಿಸುವ ನಿಯಮ) ಹೋಲಿಸುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪೋಸ್ಟ್‌ಗ್ರೆಸ್ ಸಮಾನತೆಯನ್ನು ಬೈಟ್‌ಗೆ ಬೈಟ್ ನೋಡುತ್ತದೆ, ಅದಕ್ಕೆ ಎರಡೂ ಬೇರೆ. ಒಬ್ಬ ಗುಮಾಸ್ತರು ಅದನ್ನು ಹಾಕಿ ಟೈಪ್ ಮಾಡಿದ್ದರೆ, ಇನ್ನೊಬ್ಬರು ಅನಿಲ್ ಆದ ಮೇಲೆ ಸ್ಪೇಸ್ ಬಿಟ್ಟಿರುತ್ತಾರೆ, ಮತ್ತೊಬ್ಬರ ಕೀಬೋರ್ಡ್ ಜೋಡಿಸುವ ಅಕ್ಷರವಾದ 200ಡಿ ಹಾಕಿರುತ್ತದೆ.

ಇದರ ಜೊತೆ ಓತ್ವದಂಥ ಚಿಹ್ನೆಗಳ ಗೊಂದಲವೂ ಇದೆ. ಕೋ ಎಂಬುದು ಕ ಮತ್ತು ೋ ಎಂಬ ಎರಡು ಸಂಕೇತವಾಗಿ ಬರಬಹುದು, ಅಥವಾ ಚಿಹ್ನೆ ಮೂರು ತುಂಡಾಗಿ ಒಟ್ಟು ನಾಲ್ಕು ಸಂಕೇತವಾಗಿಯೂ ಬರಬಹುದು. ಪರದೆಯ ಮೇಲೆ ವ್ಯತ್ಯಾಸ ಕಾಣದು.

ಮದ್ದು ಕ್ವೆರಿಯಲ್ಲಿಲ್ಲ, ಉಳಿಸುವ ಜಾಗದಲ್ಲಿದೆ. ಹೆಸರಿನ ಕಾಲಮ್ ಹಾಗೇ ಇರಲಿ, ತೋರಿಸಲು ಅದೇ ಬೇಕು. ಪಕ್ಕದಲ್ಲಿ ಹುಡುಕು_ಹೆಸರು ಎಂಬ ಇನ್ನೊಂದು ಕಾಲಮ್ ಮಾಡಿ. ಪಿಎಚ್‌ಪಿಯ ಇಂಟ್ಲ್ ಎಕ್ಸ್‌ಟೆನ್ಷನ್‌ನ ನಾರ್ಮಲೈಸರ್‌ನಿಂದ ಪಠ್ಯವನ್ನು ಎನ್ಎಫ್‌ಸಿ (ತುಂಡಾದ ಚಿಹ್ನೆಗಳನ್ನು ಒಂದಾಗಿ ಕೂಡಿಸಿದ) ರೂಪಕ್ಕೆ ತಂದು, 200ಸಿ, 200ಡಿ ಮತ್ತು ಎಲ್ಲ ಸ್ಪೇಸ್ ತೆಗೆದು, ಇಂಗ್ಲಿಷ್ ಅಕ್ಷರಗಳನ್ನು ಸಣ್ಣದು ಮಾಡಿ ಅಲ್ಲಿ ಉಳಿಸಿ. ಹುಡುಕುವವರು ಟೈಪ್ ಮಾಡಿದ್ದಕ್ಕೂ ಅದೇ ಫಂಕ್ಷನ್ ಓಡಿಸಿ ಹೋಲಿಸಿ. ಇಮೇಲ್, ಪ್ಯಾನ್ ಸಂಖ್ಯೆಗಳ ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸವೂ ಇದರಲ್ಲೇ ಬಗೆಹರಿಯುತ್ತದೆ: ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್ ಮಾಮೂಲಿಯಾಗಿ ಆ ಭೇದ ಮಾಡುವುದಿಲ್ಲ, ಪೋಸ್ಟ್‌ಗ್ರೆಸ್ ಮಾಡುತ್ತದೆ.

ಉದ್ದದ ಲೆಕ್ಕ ನೋಡಿ. ಕನ್ನಡ ಎಂಬ ಪದ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಕ, ನ, ್, ನ, ಡ ಎಂದು 5 ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 15. ಲೆಂಗ್ತ್ ಫಂಕ್ಷನ್ ಕೇಳಿದರೆ ಮೈಎಸ್‌ಕ್ಯೂಎಲ್ 15 ಅನ್ನುತ್ತದೆ, ಪೋಸ್ಟ್‌ಗ್ರೆಸ್ 5 ಅನ್ನುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅದರ ಹೆಸರು ಲೆನ್, ಎನ್‌ವಾರ್‌ಚಾರ್ ಆಗಿದ್ದರೆ 5 ಕೊಡುತ್ತದೆ, ಆದರೆ ಕೊನೆಯ ಸ್ಪೇಸ್‌ಗಳನ್ನು ಎಣಿಸುವುದಿಲ್ಲ. ಚಾರ್ ಲೆಂಗ್ತ್ ಎಂದು ಬರೆದರೆ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಎರಡೂ 5.

ಗ್ರೂಪ್ ಕಾನ್‌ಕ್ಯಾಟ್‌ಗೆ ಮೈಎಸ್‌ಕ್ಯೂಎಲ್‌ನಲ್ಲಿ ಮಾಮೂಲಿ ಮಿತಿ 1024 ಬೈಟ್. ಕನ್ನಡದ ಲೆಕ್ಕದಲ್ಲಿ 341 ಸಂಕೇತ, ಅಂದರೆ ಇಪ್ಪತ್ತು ಮೂವತ್ತು ಹೆಸರು. ಮುಂದಿನದು ಒಂದು ವಾರ್ನಿಂಗ್ ಕೊಟ್ಟು ಕತ್ತರಿಸಿಹೋಗುತ್ತದೆ. ಆದ್ದರಿಂದ ಹಳೆಯ ರಿಪೋರ್ಟ್‌ಗೂ ಹೊಸದಕ್ಕೂ ತಾಳೆ ಬರದಿದ್ದರೆ ಹಳೆಯದೇ ಸರಿ ಎಂದುಕೊಳ್ಳಬೇಡಿ.

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕನ್ನಡದ ಕಾಲಮ್ ಎನ್‌ವಾರ್‌ಚಾರ್ ಆಗಿರಬೇಕು. ಕ್ವೆರಿಯೊಳಗೇ ಕನ್ನಡ ಪಠ್ಯ ಬರೆದಿದ್ದರೆ ಕೋಟ್‌ಗೆ ಮುಂಚೆ ದೊಡ್ಡ ಎನ್ ಅಕ್ಷರ ಹಾಕಬೇಕು, ಇಲ್ಲದಿದ್ದರೆ ಮಾಮೂಲಿ ಕೊಲೇಷನ್‌ಗಳಲ್ಲಿ ಪ್ರತಿ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗಿ ಉಳಿಯುತ್ತದೆ, ಮರಳಿ ಪಡೆಯಲು ಆಗದು. ಆ ಎನ್ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್‌ಗಳಲ್ಲಿ ಬೇರೆ ಅರ್ಥ ಪಡೆಯುವುದರಿಂದ ಅದನ್ನು ಎಲ್ಲ ಕಡೆ ಹಾಕಲು ಹೋಗಬೇಡಿ, ಪಠ್ಯವನ್ನು ಬೈಂಡ್ ಮಾಡಿ. ನಿಮ್ಮ ಪ್ರಶ್ನೆಯ ಚಾಲ್ತಿ ಎಂಬ ಸ್ಥಿತಿಯೂ ಸೇರಿದಂತೆ. ಅದಕ್ಕಿಂತ ಉತ್ತಮ, ಸ್ಥಿತಿಗೆ ಸಣ್ಣ ಸಂಕೇತ ಸಂಖ್ಯೆ ಇಟ್ಟು ಕನ್ನಡ ಪದವನ್ನು ತೋರಿಸುವಾಗ ಮಾತ್ರ ತನ್ನಿ.

ಮುಂದೆ ಒರಾಕಲ್ ಬಂದರೆ: ವಾರ್‌ಚಾರ್2(50) ಎಂದರೆ ಮಾಮೂಲಿಯಾಗಿ 50 ಬೈಟ್, ಕನ್ನಡದ 16 ಸಂಕೇತ ಮಾತ್ರ. 50 ಚಾರ್ ಎಂದು ಬಿಡಿಸಿ ಬರೆಯಬೇಕು. ಖಾಲಿ ಪಠ್ಯವನ್ನು ಒರಾಕಲ್ ನಲ್ ಎಂದೇ ಉಳಿಸುತ್ತದೆ, ಹಾಗಾಗಿ ವಿಳಾಸ = '' ಎಂಬ ಶರತ್ತಿಗೆ ಅಲ್ಲಿ ಯಾವ ಸಾಲೂ ಸಿಗದು.

ಹೊಳೆದಂಡೆ

ಓಆರ್‌ಎಂ ಬಗ್ಗೆ. 400 ಕ್ವೆರಿ ಕೈಯಲ್ಲಿರುವಾಗ ಪೂರ್ತಿ ಓಆರ್‌ಎಂಗೆ ಹೋಗುವುದು ಹೊಸ ತಂತ್ರಾಂಶ ಬರೆದಷ್ಟೇ ಕೆಲಸ, ರಿಪೋರ್ಟ್ ಕ್ವೆರಿಗಳು ಆಮೇಲೂ ಕೈಬರಹದಲ್ಲೇ ಉಳಿಯುತ್ತವೆ. ಡಾಕ್ಟ್ರಿನ್ ಎಂಬ ಪಿಎಚ್‌ಪಿ ಲೈಬ್ರರಿಯ ಕೆಳಗಿನ ಪದರವಾದ ಡಿಬಿಎಎಲ್ ಮಾತ್ರ ತೆಗೆದುಕೊಳ್ಳಿ, ಮೇಲಿನ ಓಆರ್‌ಎಂ ಬೇಡ. ಪುಟದ ಬಾಲ, ದಿನ ಕೂಡಿಸುವುದು, ಪದ ಜೋಡಿಸುವುದು ಇವಕ್ಕೆಲ್ಲ ಆಯಾ ಡೇಟಾಬೇಸ್‌ಗೆ ತಕ್ಕ ತುಣುಕನ್ನು ಅದರ ಪ್ಲಾಟ್‌ಫಾರ್ಮ್ ಕ್ಲಾಸ್ ಬರೆದುಕೊಡುತ್ತದೆ. ಬೀಗಮುದ್ರೆಯವರು ಹೇಳಿದ 23505, 1062, 2627 ಎಲ್ಲವನ್ನೂ ಯುನಿಕ್ ಕನ್‌ಸ್ಟ್ರೇಂಟ್ ಉಲ್ಲಂಘನೆ ಎಂಬ ಒಂದೇ ಎಕ್ಸೆಪ್ಷನ್ ಆಗಿ ಕೊಡುತ್ತದೆ. ಕೈಬರಹದ ಕ್ವೆರಿ ಹಾಗೇ ಓಡುತ್ತದೆ. ಅಪ್‌ಸರ್ಟ್ (ಇದ್ದರೆ ಅಪ್‌ಡೇಟ್, ಇಲ್ಲದಿದ್ದರೆ ಇನ್ಸರ್ಟ್) ಇದರಲ್ಲಿ ಇಲ್ಲ, ಅದಕ್ಕೆ ಅವರ ದಾರಿಯೇ.

ಆದರೆ ಸಾಲುಕಂಬ ಅವರು ಹೇಳಿದ ಸದ್ದಿಲ್ಲದ ವ್ಯತ್ಯಾಸಗಳನ್ನು ಯಾವ ಲೈಬ್ರರಿಯೂ ತಡೆಯದು. 11 / 100 ಎಲ್ಲ ಕಡೆ ಸರಿಯಾದ ವ್ಯಾಕರಣವೇ. ಅದಕ್ಕೆ ತಾಳೆ ಪರೀಕ್ಷೆ ಬೇಕು, ಮತ್ತು ನಿಜವಾದ ಡೇಟಾಬೇಸ್‌ಗಳ ಮೇಲೇ ಬೇಕು. ಹಗುರ ಎಂದು ಟೆಸ್ಟ್‌ಗೆ ಎಸ್‌ಕ್ಯೂಲೈಟ್ ಇಟ್ಟರೆ ನಾಲ್ಕನೇ ಉಪಭಾಷೆಯೊಂದು ಸೇರಿಕೊಳ್ಳುತ್ತದೆ ಅಷ್ಟೇ.

ಮೂರನ್ನೂ ಡಾಕರ್ ಕಂಟೈನರ್‌ನಲ್ಲಿ ಏರಿಸಿ, ಗ್ರಾಹಕರ ಬಳಿ ಇರುವ ಆವೃತ್ತಿಯನ್ನೇ. ಒಂದೇ ಮಾದರಿ ಡೇಟಾ ಮೂರಕ್ಕೂ ತುಂಬಿ. ಡೇಟಾ ಚಿಕ್ಕದಿರಲಿ, ಆದರೆ ಕೊಂಕು ಸಾಲುಗಳೆಲ್ಲ ಇರಲಿ: ನಲ್ ದಿನಾಂಕ, ಖಾಲಿ ವಿಳಾಸ, ಕೊನೆಯಲ್ಲಿ ಸ್ಪೇಸ್ ಇರುವ ಹೆಸರು (ಎಸ್‌ಕ್ಯೂಎಲ್ ಸರ್ವರ್ ಅದನ್ನು ಸ್ಪೇಸ್ ಇಲ್ಲದ್ದಕ್ಕೆ ಸಮ ಎನ್ನುತ್ತದೆ, ಪೋಸ್ಟ್‌ಗ್ರೆಸ್ ಎನ್ನುವುದಿಲ್ಲ), ಮಾರ್ಚ್ 31 ರಾತ್ರಿ 23:59:59ರ ರಸೀದಿ, ಒಂದೇ ಸಮಯದ ಎರಡು ರಸೀದಿ, 200ಸಿ ಇರುವ ಮತ್ತು ಇಲ್ಲದ ಒಂದೇ ಹೆಸರು, ಪೂರ್ಣ ಸಂಖ್ಯೆಗೆ ಭಾಗವಾಗದ ಬಡ್ಡಿ. ಪ್ರತಿ ಕ್ವೆರಿಯ ಉತ್ತರವನ್ನು ಸಿಎಸ್‌ವಿಗೆ ಬರೆದು ಡಿಫ್ ನೋಡಿ. ಹೋಲಿಸುವ ಮೊದಲು ಹಣವನ್ನು ಎರಡು ದಶಾಂಶಕ್ಕೂ ದಿನಾಂಕವನ್ನು ಒಂದೇ ರೂಪಕ್ಕೂ ತನ್ನಿ, ಇಲ್ಲದಿದ್ದರೆ 1200.0000 ಮತ್ತು 1200.00 ಬೇರೆ ಎಂದು ನೂರಾರು ಸುಳ್ಳು ವ್ಯತ್ಯಾಸ ಬಂದು ನಿಜವಾದದ್ದು ಮುಚ್ಚಿಹೋಗುತ್ತದೆ. ಆರ್ಡರ್ ಬೈ ಇಲ್ಲದ ಕ್ವೆರಿಯ ಸಾಲುಗಳನ್ನು ಮಾತ್ರ ಜೋಡಿಸಿ ಹೋಲಿಸಿ. ಆರ್ಡರ್ ಬೈ ಇರುವುದನ್ನು ಬಂದ ಕ್ರಮದಲ್ಲೇ ಹೋಲಿಸಿ, ನಲ್ ಜಾಗದ ತಪ್ಪು ಅಲ್ಲೇ ಸಿಗುವುದು.

ಖಾತೆಪುಸ್ತಕ

ಹೀಗೇ ಮಾಡುತ್ತೇನೆ. ಕೊನೆಯದೊಂದು: ಪಿಜಿಲೋಡರ್‌ನಿಂದ (ಪೋಸ್ಟ್‌ಗ್ರೆಸ್‌ಗೆ ಡೇಟಾ ಸಾಗಿಸುವ ಸಾಧನ) ಡೇಟಾ ತಂದರೆ ನಾನು ಗಮನಿಸಬೇಕಾದದ್ದು ಏನಾದರೂ ಇದೆಯೇ?

ಸಾಲುಕಂಬ

ಮೂರು ಇದೆ. ಟೈನಿಇಂಟ್(1) ಕಂಡರೆ ಅದು ಬೂಲಿಯನ್ ಮಾಡುತ್ತದೆ. ಸ್ಮಾಲ್‌ಇಂಟ್ ಬೇಕೆಂದು ಕಾಸ್ಟ್ ನಿಯಮ ಬರೆಯಿರಿ. 0000-00-00 ದಿನಾಂಕಗಳನ್ನು ನಲ್ ಮಾಡುತ್ತದೆ, ಆ ಕಾಲಮ್‌ಗೆ ನಾಟ್ ನಲ್ ಇದ್ದರೆ ಸಾಲು ತಿರಸ್ಕೃತವಾಗಬಹುದು, ಮೊದಲೇ ಎಣಿಸಿ ಸರಿಪಡಿಸಿ. ತಂದ ಮೇಲೆ ಪ್ರತಿ ಟೇಬಲ್‌ನ ಸಾಲಿನ ಲೆಕ್ಕ ಮತ್ತು ಹಣದ ಕಾಲಮ್‌ಗಳ ಮೊತ್ತ ಎರಡೂ ಕಡೆ ತಾಳೆ ನೋಡಿ.

ಪಿಜಿಲೋಡರ್ ಬಿಟ್ಟು ಸಿಎಸ್‌ವಿಯಿಂದ ನೀವೇ ತುಂಬಿದರೆ ಐಡೆಂಟಿಟಿ ಕಾಲಮ್‌ನ ಸೀಕ್ವೆನ್ಸ್ (ಮುಂದಿನ ಐಡಿ ಕೊಡುವ ಎಣಿಕೆ) 1ರಲ್ಲೇ ನಿಂತಿರುತ್ತದೆ. ಐಡಿ ಕೈಯಿಂದ ಕೊಟ್ಟು ಇನ್ಸರ್ಟ್ ಮಾಡಿದಾಗ ಪೋಸ್ಟ್‌ಗ್ರೆಸ್ ಅದನ್ನು ಮುಂದೂಡುವುದಿಲ್ಲ, ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್ ಮುಂದೂಡುತ್ತವೆ. ಮೊದಲ ಹೊಸ ರಸೀದಿಗೇ ಡೂಪ್ಲಿಕೇಟ್ ಕೀ ಬರುತ್ತದೆ. ಪ್ರತಿ ಟೇಬಲ್‌ಗೂ ಸೆಟ್‌ವ್ಯಾಲ್ ಕರೆದು ಐಡಿಯ ಗರಿಷ್ಠ ಮೌಲ್ಯಕ್ಕೆ ಹೊಂದಿಸಿ. ರಸೀದಿ ಸಂಖ್ಯೆಯಾಗಿ ಈ ಐಡಿಯನ್ನೇ ಮುದ್ರಿಸುತ್ತಿದ್ದರೆ ಅದನ್ನೂ ಬೇರ್ಪಡಿಸಿ. ರೋಲ್‌ಬ್ಯಾಕ್ ಆದ ಸಂಖ್ಯೆ ಮೂರರಲ್ಲೂ ಮರಳಿ ಬರುವುದಿಲ್ಲ, ಎಸ್‌ಕ್ಯೂಎಲ್ ಸರ್ವರ್ ಹಠಾತ್ತಾಗಿ ನಿಂತು ಮತ್ತೆ ಎದ್ದಾಗ ಇಂಟ್ ಕಾಲಮ್‌ನಲ್ಲಿ 1000 ಸಂಖ್ಯೆ ಹಾರುವುದೂ ಉಂಟು. ಬಿಟ್ಟುಹೋದ ಸಂಖ್ಯೆಗೆ ಆಡಿಟರ್ ವಿವರಣೆ ಕೇಳುತ್ತಾರೆ. ವರ್ಷ, ಶಾಖೆ, ಕೊನೆಯ ಸಂಖ್ಯೆ ಎಂಬ ಮೂರು ಕಾಲಮ್‌ನ ಪುಟ್ಟ ಟೇಬಲ್ ಮಾಡಿ, ರಸೀದಿ ಬರೆಯುವ ಅದೇ ಟ್ರಾನ್ಸಾಕ್ಷನ್‌ನಲ್ಲಿ ಅಪ್‌ಡೇಟ್‌ನಿಂದ 1 ಕೂಡಿಸಿ ಓದಿಕೊಳ್ಳಿ.